ಪುಟ್ಟ ಎಂಜಿನ್, ದೂರದ ಹಾರಾಟ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಮಾರಂಭಗಳಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ಕುರಿತು ಮಾತನಾಡುವುದು ವಾಡಿಕೆ. ಬಹುಮಾನ ಪಡೆದ ಎಲ್ಲ ಮಕ್ಕಳಿಗೂ ನನ್ನ ಹೃತ್ಪೂರ್ವಕ ಮುಬಾರಕ್‌ಬಾದ್. ಆದರೆ ನನ್ನ ಇಂದಿನ ಮಾತು ವಿಶೇಷವಾಗಿ ಹಿಂದಿನ ಸಾಲುಗಳಲ್ಲಿ ಕುಳಿತಿರುವವರಿಗಾಗಿ. ಐವತ್ತು, ಐವತ್ತೈದು ಶೇಕಡಾ ಪಡೆದು, ಅಥವಾ ಒಂದೆರಡು ವಿಷಯಗಳಲ್ಲಿ ಅನುತ್ತೀರ್ಣರಾಗಿ, "ನಮ್ಮಿಂದ ಇನ್ನೇನಾದೀತು ಸರ್" ಎಂದು ಕೇಳುವ ಮಕ್ಕಳಿಗಾಗಿ. ಅವರಿಗೆ ನಾನು ಒಂದು ವಿಮಾನದ ಕಥೆ ಹೇಳಬೇಕೆಂದಿದ್ದೇನೆ. ಅದು ದೊಡ್ಡ ವಿಮಾನವಲ್ಲ. ಅದರಲ್ಲಿ ಒಬ್ಬನೇ ಕೂರಬಹುದಿತ್ತು. ಅದರ ಹೆಸರೇ 'ಬೇಬಿ', ಅಂದರೆ ಮಗು.

ಹಾರುವ ವಿಷಯ ಬಂದ ಕೂಡಲೇ ನಮ್ಮಲ್ಲಿ ಎಲ್ಲರೂ ನೆನೆಯುವ ಹೆಸರು ಅಬ್ಬಾಸ್ ಇಬ್ನ್ ಫಿರ್ನಾಸ್ ಅವರದು. ಒಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಕುರ್ತುಬಾ ನಗರದಲ್ಲಿ ರೆಕ್ಕೆ ಕಟ್ಟಿಕೊಂಡು ಹಾರಲು ಯತ್ನಿಸಿದ ವಿದ್ವಾಂಸರು ಅವರು. ಅವರು ಸ್ವಲ್ಪ ದೂರ ಹಾರಿದರು, ಆದರೆ ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತು, ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ ಎಂಬುದನ್ನು ಅವರು ಗಮನಿಸಿರಲಿಲ್ಲ ಎಂದು ಹದಿನೇಳನೆಯ ಶತಮಾನದ ಇತಿಹಾಸಕಾರ ಅಲ್ ಮಕ್ಕರಿ ದಾಖಲಿಸಿದ್ದಾರೆ. ನಾವು ಈ ಕಥೆಯ ಮೊದಲ ಅರ್ಧವನ್ನು ಹೆಮ್ಮೆಯಿಂದ ಹೇಳುತ್ತೇವೆ. ಎರಡನೆಯ ಅರ್ಧವನ್ನು ಬಿಟ್ಟುಬಿಡುತ್ತೇವೆ. ನನ್ನ ಅಭಿಪ್ರಾಯದಲ್ಲಿ ಪಾಠ ಇರುವುದು ಎರಡನೆಯ ಅರ್ಧದಲ್ಲಿ. ಬಿದ್ದದ್ದು ಏಕೆ ಎಂದು ಕೇಳಿದವರೇ ಮುಂದೆ ಹಾರಿದರು.

ಈಗ ನಮ್ಮ ಪುಟ್ಟ ವಿಮಾನಕ್ಕೆ ಬರೋಣ. ಇಂಗ್ಲೆಂಡಿನ ಆವ್ರೊ ಎಂಬ ಕಂಪನಿ ಅದನ್ನು 1919ರಲ್ಲಿ ತಯಾರಿಸಿತು. ಈ ಕಂಪನಿಯನ್ನು 1910ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರಂಭಿಸಿದವರು ಅಲಿಯಟ್ ವೆರ್ಡನ್ ರೋ. ಅದಕ್ಕೆ ಒಂದು ವರ್ಷ ಮೊದಲು, 1909ರಲ್ಲಿ, ಮೋಟಾರ್ ಸೈಕಲ್ಲಿಗೆ ಬಳಸುವಂಥ ಕೇವಲ 9 ಅಶ್ವಶಕ್ತಿಯ ಎಂಜಿನ್ ಕೂರಿಸಿದ ವಿಮಾನವನ್ನು ಅವರು ಲಂಡನ್ ಬಳಿಯ ಜೌಗು ಬಯಲಿನಲ್ಲಿ ಕೆಲವು ಮೀಟರ್ ದೂರ ಹಾರಿಸಿದ್ದರು. ದೊಡ್ಡ ಎಂಜಿನ್ ಕೊಳ್ಳಲು ಅವರ ಬಳಿ ಹಣವಿರಲಿಲ್ಲ. ರೆಕ್ಕೆಗೆ ಬಟ್ಟೆಯ ಬದಲು ಕಾಗದ ಅಂಟಿಸಿದ್ದರು. ಇಂಥ ಮನೆತನದಲ್ಲಿ ಹುಟ್ಟಿದ ವಿಮಾನ ಈ ಬೇಬಿ.

ಬೇಬಿ ಒಂದು ಬೈಪ್ಲೇನ್ ಆಗಿತ್ತು. ಅಂದರೆ ಒಂದರ ಮೇಲೊಂದು ಎರಡು ಅಂತಸ್ತಿನ ರೆಕ್ಕೆಗಳಿದ್ದ ವಿಮಾನ. ಆಗಿನ ವಿಮಾನಗಳನ್ನು ಮರ, ಬಟ್ಟೆ ಮತ್ತು ತಂತಿಗಳಿಂದ ಕಟ್ಟುತ್ತಿದ್ದರು. ಒಂದೇ ಉದ್ದ ರೆಕ್ಕೆ ಮಾಡಿದರೆ ಅದು ಬಾಗಿ ಮುರಿಯುವ ಭಯ. ಎರಡು ಚಿಕ್ಕ ರೆಕ್ಕೆಗಳನ್ನು ಮೇಲೆ ಕೆಳಗೆ ಇಟ್ಟು, ನಡುವೆ ಮರದ ಕಂಬಗಳನ್ನು ನಿಲ್ಲಿಸಿ, ಅಡ್ಡಡ್ಡಲಾಗಿ ತಂತಿ ಬಿಗಿದರೆ ಇಡೀ ಕಟ್ಟಡ ಪೆಟ್ಟಿಗೆಯಂತೆ ಗಟ್ಟಿಯಾಗುತ್ತಿತ್ತು, ತೂಕವೂ ಕಡಿಮೆ. ಒಂದರಿಂದ ಆಗದ ಕೆಲಸವನ್ನು ಎರಡು ಸೇರಿ ಮಾಡುತ್ತಿದ್ದವು.

ಇದು ಯುದ್ಧ ವಿಮಾನವಲ್ಲ, ಪ್ರಯಾಣಿಕರ ವಿಮಾನವೂ ಅಲ್ಲ. ಹವ್ಯಾಸಕ್ಕಾಗಿ, ಪಂದ್ಯಕ್ಕಾಗಿ ಒಬ್ಬರೇ ಹಾರಿಸುವ ಕ್ರೀಡಾ ವಿಮಾನ. ಇಂಥದ್ದನ್ನು ಏಕೆ ಮಾಡಿದರು? ಮೊದಲನೆಯ ಮಹಾಯುದ್ಧ 1918ರ ನವೆಂಬರಿನಲ್ಲಿ ಮುಗಿದಿತ್ತು. ವಿಮಾನ ಕಾರ್ಖಾನೆಗಳಿಗೆ ಬರುತ್ತಿದ್ದ ಸರ್ಕಾರದ ಆರ್ಡರುಗಳು ಒಮ್ಮೆಲೇ ನಿಂತುಹೋದವು. ಯುದ್ಧಕ್ಕೆಂದು ಮಾಡಿದ ಸಾವಿರಾರು ವಿಮಾನಗಳು ಅಗ್ಗದ ಬೆಲೆಗೆ ಮಾರಾಟಕ್ಕಿದ್ದವು. ಕ್ಯಾಮೆಲ್ ಎಂಬ ಪ್ರಸಿದ್ಧ ಯುದ್ಧ ವಿಮಾನ ತಯಾರಿಸಿದ ಸಾಪ್‌ವಿತ್ ಕಂಪನಿಯೇ 1920ರಲ್ಲಿ ಬಾಗಿಲು ಹಾಕಿತು. ಕ್ಯಾಮೆಲ್ಲಿನ ಎಂಜಿನ್ ಸುಮಾರು 130 ಅಶ್ವಶಕ್ತಿಯದು. ವಿಮಾನ ಅಗ್ಗವಾಗಿ ಸಿಕ್ಕಿದರೂ ಅಷ್ಟು ಪೆಟ್ರೋಲ್ ಕುಡಿಯುವ ಎಂಜಿನ್ನನ್ನು ಸಾಮಾನ್ಯನೊಬ್ಬ ಸಾಕುವುದು ಹೇಗೆ? ಆಗ ಆವ್ರೊ ಕಂಪನಿಯವರು ದೊಡ್ಡದಕ್ಕೆ ಕೈಹಾಕದೆ ಚಿಕ್ಕದನ್ನು ಯೋಚಿಸಿದರು.

ಅದರ ವಿನ್ಯಾಸಕಾರರ ಹೆಸರು ರಾಯ್ ಚಾಡ್ವಿಕ್. ಆಗ ಅವರಿಗೆ ಇಪ್ಪತ್ತಾರು ವರ್ಷ. ಹಗಲು ಒಂದು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೆಲಸ ಕಲಿಯುತ್ತಾ, ರಾತ್ರಿ ಮ್ಯಾಂಚೆಸ್ಟರಿನ ತಾಂತ್ರಿಕ ಕಾಲೇಜಿನ ಸಂಜೆ ತರಗತಿಗಳಲ್ಲಿ ಓದಿ ಮೇಲೆ ಬಂದವರು ಅವರು. ಮಕ್ಕಳೇ, ಈ ಮಾತನ್ನು ನೆನಪಿಡಿ, ನಾನು ಮತ್ತೆ ಇದಕ್ಕೆ ಬರುತ್ತೇನೆ.

ಬೇಬಿಯ ಉದ್ದ ಸುಮಾರು 5.3 ಮೀಟರ್. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 7.6 ಮೀಟರ್. ಅಂದರೆ ನಿಮ್ಮ ತರಗತಿಯ ಕೋಣೆಯಲ್ಲಿ ಅದನ್ನು ಹೆಚ್ಚು ಕಡಿಮೆ ನಿಲ್ಲಿಸಬಹುದು. ಖಾಲಿ ವಿಮಾನದ ತೂಕ ಸುಮಾರು 280 ಕಿಲೋ. ಎಂಜಿನ್ 35 ಅಶ್ವಶಕ್ತಿಯದು, ನೀರಿನಿಂದ ತಂಪಾಗುವ ನಾಲ್ಕು ಸಿಲಿಂಡರಿನ 'ಗ್ರೀನ್' ಎಂಜಿನ್. ನಮ್ಮ ರಸ್ತೆಗಳಲ್ಲಿ ಓಡಿದ ಮಾರುತಿ 800 ಕಾರನ್ನು ನೀವೆಲ್ಲ ಕಂಡಿದ್ದೀರಿ. ಅದರ ಎಂಜಿನ್ನಿನ ಶಕ್ತಿಯೂ ಸುಮಾರು ಅಷ್ಟೇ. ಇನ್ನೊಂದು ಸಂಗತಿ ಎಂದರೆ ಈ ಎಂಜಿನ್ ಹೊಸದಲ್ಲ. ಅದು ಯುದ್ಧಕ್ಕೆ ಮುಂಚಿನ, 1910ರ ಕಾಲದ ಮಾದರಿ. ಹಾರಾಟದ ತಂತ್ರ ವರ್ಷವರ್ಷಕ್ಕೂ ಬದಲಾಗುತ್ತಿದ್ದ ಕಾಲದಲ್ಲಿ ಅದು ಮೂಲೆಗೆ ಸೇರಬೇಕಾದ ಸಾಮಾನು. ಆದರೆ ಅದು ನಂಬಿಕಸ್ಥ ಎಂಜಿನ್ ಆಗಿತ್ತು. ಮೇಲಿನ ಭಾರ ಹಗುರಾದಾಗ ಅದೇ ಹಳೆಯ ಎಂಜಿನ್ ಗಂಟೆಗೆ 120 ಕಿಲೋಮೀಟರಿನ ಆಸುಪಾಸಿನ ವೇಗ ಕೊಟ್ಟಿತು.

ಬೇಬಿಯ ಮೊದಲ ಹಾರಾಟ 1919ರ ಏಪ್ರಿಲ್ 30ರಂದು ನಡೆಯಿತು. ಎಷ್ಟು ಹೊತ್ತು ಹಾರಿತು ಗೊತ್ತೇ? ಎರಡೇ ನಿಮಿಷ! ಚಾಲಕನ ತಪ್ಪಿನಿಂದ ವಿಮಾನ ನೆಲಕ್ಕೆ ಬಿತ್ತು. ನಮ್ಮಲ್ಲಾಗಿದ್ದರೆ ಏನೆನ್ನುತ್ತಿದ್ದೆವು? "ಶಕುನ ಸರಿಯಿಲ್ಲ, ಬಿಟ್ಟುಬಿಡು" ಎನ್ನುತ್ತಿದ್ದೆವು. ಅವರು ತಪ್ಪು ಎಲ್ಲಾಯಿತು ಎಂದು ನೋಡಿ, ಮೇ ತಿಂಗಳಲ್ಲೇ ಎರಡನೆಯ ವಿಮಾನವನ್ನು ಹಾರಿಸಿದರು. ಜೂನಿನಲ್ಲಿ ಲಂಡನ್ನಿನ ಏರಿಯಲ್ ಡರ್ಬಿ ಎಂಬ ವಿಮಾನ ಪಂದ್ಯದ ಹ್ಯಾಂಡಿಕ್ಯಾಪ್ ವಿಭಾಗದಲ್ಲಿ, ಅಂದರೆ ವಿಮಾನದ ಸಾಮರ್ಥ್ಯಕ್ಕೆ ತಕ್ಕಂತೆ ಸಮಯದ ರಿಯಾಯಿತಿ ಕೊಡುವ ವಿಭಾಗದಲ್ಲಿ, ಹ್ಯಾಮರ್ಸ್‌ಲಿ ಎಂಬ ಚಾಲಕ ಬೇಬಿಯನ್ನು ಗೆಲ್ಲಿಸಿದರು. ಎರಡು ನಿಮಿಷದಲ್ಲಿ ಬಿದ್ದ ವಿಮಾನ ಎರಡು ತಿಂಗಳೊಳಗೆ ಬಹುಮಾನ ತಂದಿತು. ಮುಂದೆ 1920ರಲ್ಲಿ ಸ್ವತಃ ಚಾಡ್ವಿಕ್ ಅವರೇ ಬೇಬಿಯನ್ನು ಹಾರಿಸುವಾಗ ಬಿದ್ದು ತೀವ್ರವಾಗಿ ಗಾಯಗೊಂಡರು. ಚೇತರಿಸಿಕೊಂಡು ಮತ್ತೆ ನಕ್ಷೆಯ ಮೇಜಿಗೆ ಮರಳಿದರು. ಎರಡನೆಯ ಮಹಾಯುದ್ಧದ ಪ್ರಸಿದ್ಧ ಲ್ಯಾಂಕಾಸ್ಟರ್ ವಿಮಾನವನ್ನು ವಿನ್ಯಾಸ ಮಾಡಿದವರು ಇವರೇ.

ಆದರೆ ಬೇಬಿಯ ಹೆಸರನ್ನು ಜಗತ್ತಿಗೆ ತಿಳಿಸಿದವರು ಇನ್ನೊಬ್ಬರು. ಅವರು ಬರ್ಟ್ ಹಿಂಕ್ಲರ್. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಬಂಡಬರ್ಗ್ ಎಂಬ ಊರಿದೆ. ನಮ್ಮ ಮಂಡ್ಯದ ಹಾಗೆ ಕಬ್ಬಿನ ಊರು. ಅಲ್ಲಿ 1892ರಲ್ಲಿ ಹುಟ್ಟಿದ ಹಿಂಕ್ಲರ್ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದರು. ಹಕ್ಕಿಗಳು ಹೇಗೆ ರೆಕ್ಕೆ ಚಾಚುತ್ತವೆ, ಹೇಗೆ ಇಳಿಯುತ್ತವೆ ಎಂದು ಗಂಟೆಗಟ್ಟಲೆ ನೋಡುವ ಹುಡುಗ. ಶಾಲೆ ಮುಗಿದ ಮೇಲೆ ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದರು. ಬಿಡುವಿನಲ್ಲಿ ತಮ್ಮ ಕೈಯಾರೆ ಎಂಜಿನ್ನಿಲ್ಲದ ಗ್ಲೈಡರುಗಳನ್ನು ಕಟ್ಟಿ 1912ರಲ್ಲಿ ಸಮುದ್ರ ದಂಡೆಯಲ್ಲಿ ಹಾರಿದರು. ಅನಂತರ ಹಡಗಿನಲ್ಲಿ ಕೆಲಸ ಮಾಡುತ್ತಲೇ ಇಂಗ್ಲೆಂಡ್ ತಲುಪಿ, ವಿಮಾನ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆದರು. ಯುದ್ಧದಲ್ಲಿ ಮೊದಲು ಗನ್ನರ್ ಆಗಿ, ಕೊನೆಗೆ ಪೈಲಟ್ ಆಗಿ ಸೇವೆ ಸಲ್ಲಿಸಿ, 1919ರಲ್ಲಿ ಆವ್ರೊ ಸೇರಿದರು. ಅಂದರೆ ಪೈಲಟ್ ಆಗುವ ಮೊದಲೇ ಅವರಿಗೆ ಎಂಜಿನ್ನಿನ ಒಂದೊಂದು ತಿರುಪೂ ಗೊತ್ತಿತ್ತು.

ಅವರಿಗೆ ಒಂದೇ ಆಸೆ. ಇಂಗ್ಲೆಂಡಿನಿಂದ ತಮ್ಮ ಊರಿಗೆ ಹಾರಿಕೊಂಡು ಹೋಗಬೇಕು. ಅಲ್ಲಿಯವರೆಗೆ ಆ ದಾರಿಯನ್ನು ಕ್ರಮಿಸಿದ್ದು ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಸಹೋದರರು, 1919ರಲ್ಲಿ, ಎರಡು ಎಂಜಿನ್ನಿನ ದೊಡ್ಡ ವಿಮಾನದಲ್ಲಿ ನಾಲ್ಕು ಜನ ಸೇರಿ, 28 ದಿನಗಳಲ್ಲಿ. ಹಿಂಕ್ಲರ್ ಬಳಿ ಇದ್ದದ್ದು 35 ಅಶ್ವಶಕ್ತಿಯ ಬೇಬಿ. ಅವರು 1920ರ ಮೇ 31ರಂದು ಲಂಡನ್ ಬಳಿಯ ಕ್ರಾಯ್ಡನ್ನಿನಿಂದ ಹೊರಟರು. ಫ್ರಾನ್ಸನ್ನು ದಾಟಿ, ಆಲ್ಪ್ಸ್ ಪರ್ವತವನ್ನು ದಾಟಿ, ಎಲ್ಲಿಯೂ ಇಳಿಯದೆ ಒಂಬತ್ತೂವರೆ ಗಂಟೆಯಲ್ಲಿ ಇಟಲಿಯ ಟ್ಯುರಿನ್ ತಲುಪಿದರು. ದೂರ 650 ಮೈಲಿ, ಅಂದರೆ ಸುಮಾರು 1,050 ಕಿಲೋಮೀಟರ್. ನಮ್ಮ ಬೆಂಗಳೂರಿನಿಂದ ಮುಂಬೈಗೆ ರಸ್ತೆಯಲ್ಲಿ ಹೋಗುವಷ್ಟು ದೂರ. ತೆರೆದ ಆಸನದಲ್ಲಿ, ಮುಖಕ್ಕೆ ಬಡಿಯುವ ಚಳಿಗಾಳಿಯಲ್ಲಿ, ಒಬ್ಬರೇ.

ಅಲ್ಲಿಂದ ಮುಂದೆ ಏನಾಯಿತು? ಆಗ ಸಿರಿಯಾ ಪ್ರದೇಶದಲ್ಲಿ ಯುದ್ಧ ನಡೆಯುತ್ತಿತ್ತು. ಮುಂದಿನ ದಾರಿ ಮುಚ್ಚಿತ್ತು. ಹಿಂಕ್ಲರ್ ರೋಮ್ ನೋಡಿಕೊಂಡು ಇಂಗ್ಲೆಂಡಿಗೆ ಮರಳಿದರು. ಹುಚ್ಚು ಸಾಹಸಕ್ಕೆ ಹೋಗಿ ಪ್ರಾಣ ಕಳೆದುಕೊಳ್ಳಲಿಲ್ಲ. ಆಸೆಯನ್ನೂ ಬಿಡಲಿಲ್ಲ. ಬೇಬಿಯನ್ನು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳುಹಿಸಿ, 1921ರ ಏಪ್ರಿಲ್ 11ರಂದು ಸಿಡ್ನಿಯಿಂದ ತಮ್ಮ ಊರಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು ಎಲ್ಲಿಯೂ ನಿಲ್ಲದೆ ಹಾರಿದರು. ಬಂಡಬರ್ಗಿನಲ್ಲಿ ಇಳಿದು, ವಿಮಾನವನ್ನು ಬೀದಿಯಲ್ಲೇ ಉರುಳಿಸಿಕೊಂಡು ಹೋಗಿ ತಮ್ಮ ತಾಯಿಯ ಮನೆಯ ಗೇಟಿನ ಮುಂದೆ ನಿಲ್ಲಿಸಿದರು. ತಾಯಿಯ ಪಾದಗಳ ಬಗ್ಗೆ ನಮ್ಮ ಮನೆಗಳಲ್ಲಿ ಹೇಳುವ ಮಾತು ನಿಮಗೆಲ್ಲ ಗೊತ್ತು. ಯಾವ ದೇಶದ ಮಗನಾದರೇನು, ಗೆದ್ದವನು ಮೊದಲು ಹೋಗಬೇಕಾದದ್ದು ಅಲ್ಲಿಗೇ.

ಮುಂದೆ 1928ರ ಫೆಬ್ರವರಿ 7ರಂದು ಆವ್ರೊ ಕಂಪನಿಯದೇ ಏವಿಯನ್ ಎಂಬ ಸಣ್ಣ ವಿಮಾನದಲ್ಲಿ ಹಿಂಕ್ಲರ್ ಮತ್ತೆ ಕ್ರಾಯ್ಡನ್ನಿನಿಂದ ಹೊರಟರು. ಬಸ್ರಾ, ಕರಾಚಿ, ಕಲ್ಕತ್ತ, ರಂಗೂನ್, ಸಿಂಗಪುರ ದಾಟಿ ಫೆಬ್ರವರಿ 22ರಂದು ಆಸ್ಟ್ರೇಲಿಯಾದ ಡಾರ್ವಿನ್ ತಲುಪಿದರು. ಹದಿನೈದೂವರೆ ದಿನ! ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬರೇ ಹಾರಿದವರಲ್ಲಿ ಅವರೇ ಮೊದಲಿಗರು. ಮೊದಲ ಪ್ರಯತ್ನ ನಿಂತುಹೋದದ್ದು 1920ರಲ್ಲಿ, ಗುರಿ ಮುಟ್ಟಿದ್ದು 1928ರಲ್ಲಿ. ನಡುವೆ ಎಂಟು ವರ್ಷ. ಹಾರಾಟ ಅಪಾಯದ ಕೆಲಸ ಎಂಬುದನ್ನೂ ಮುಚ್ಚಿಡಬಾರದು. ಹಿಂಕ್ಲರ್ 1933ರ ಜನವರಿಯಲ್ಲಿ ಇನ್ನೊಂದು ದೂರದ ಹಾರಾಟದಲ್ಲಿ ಇಟಲಿಯ ಬೆಟ್ಟದಲ್ಲಿ ವಿಮಾನ ಅಪ್ಪಳಿಸಿ ತೀರಿಕೊಂಡರು. ಅವರ ಬೇಬಿ ಇಂದಿಗೂ ಕ್ವೀನ್ಸ್‌ಲ್ಯಾಂಡಿನ ವಸ್ತುಸಂಗ್ರಹಾಲಯದ ಆಸ್ತಿಯಾಗಿ ಉಳಿದಿದೆ.

ನಮ್ಮ ದೇಶಕ್ಕೂ ಈ ಮನೆತನದ ನಂಟಿದೆ. ಬೇಬಿ ವಿಮಾನಗಳಲ್ಲಿ ಒಂದನ್ನು ಭಾರತದ ಬಿಸಿ ಹವೆಗೆ ಹೊಂದುವಂತೆ ಬದಲಾಯಿಸಿ ಕಟ್ಟಿದ್ದರು. ಮುಂದೆ ಆವ್ರೊ ವಿನ್ಯಾಸದ್ದೇ ಸಾಗಣೆ ವಿಮಾನವನ್ನು ಕಾನ್ಪುರದಲ್ಲಿ ತಯಾರಿಸಿ, 1961ರಲ್ಲಿ ಹಾರಿಸಲಾಯಿತು. ನಮ್ಮ ವಾಯುಪಡೆಯವರು ಅದನ್ನು 'ಆವ್ರೊ' ಎಂದೇ ಕರೆಯುತ್ತಾ ಬಂದರು.

ಇನ್ನು ಬೇಬಿಯ ತಮ್ಮನೊಬ್ಬನ ಕಥೆ ಕೇಳಿ. ದಕ್ಷಿಣ ಧ್ರುವದ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್‌ಟನ್ 1921ರಲ್ಲಿ 'ಕ್ವೆಸ್ಟ್' ಎಂಬ ಹಡಗಿನಲ್ಲಿ ಹೊರಟಾಗ ಬೇಬಿ ಮಾದರಿಯ ಒಂದು ವಿಮಾನವನ್ನು ಜೊತೆಗೆ ಒಯ್ದರು. ನೀರಿನ ಮೇಲೆ ಇಳಿಯುವಂತೆ ಅದನ್ನು ಸಿದ್ಧಪಡಿಸಿದ್ದರು. ಅದರ ಕೆಲವು ಮುಖ್ಯ ಭಾಗಗಳನ್ನು ಮುಂಚಿತವಾಗಿ ಕೇಪ್‌ಟೌನಿಗೆ ಕಳುಹಿಸಲಾಗಿತ್ತು. ದಾರಿಯಲ್ಲಿ ಹಡಗಿನ ಎಂಜಿನ್ ಕೆಟ್ಟು ತಡವಾದ್ದರಿಂದ ಕೇಪ್‌ಟೌನಿಗೆ ಹೋಗದೆ ನೇರ ದಕ್ಷಿಣಕ್ಕೆ ಸಾಗಬೇಕಾಯಿತು. ವಿಮಾನ ಹಡಗಿನಲ್ಲಿತ್ತು, ಪೈಲಟ್ ಹಡಗಿನಲ್ಲಿದ್ದರು, ಭಾಗಗಳು ಮಾತ್ರ ಬೇರೆ ಖಂಡದಲ್ಲಿದ್ದವು. ಹಾಗಾಗಿ ಆ ವಿಮಾನ ಅಲ್ಲಿ ಹಾರಲೇ ಇಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳು. ಒಬ್ಬ ಆಲ್ಪ್ಸ್ ದಾಟಿದ, ಇನ್ನೊಬ್ಬ ಕಟ್ಟಿದ ಗಂಟಿನಲ್ಲೇ ಉಳಿದ. ಶಕ್ತಿಯ ಕೊರತೆಯಿಂದ ಹೀಗಾದದ್ದಲ್ಲ. ವ್ಯತ್ಯಾಸ ಇದ್ದದ್ದು ತಯಾರಿಯಲ್ಲಿ.

'ತಯಾರಿ' ಎಂದೆ. ಎರಡು ಭಾಷೆ ಕಲಿಸುವವನಾದ್ದರಿಂದ ಈ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ಕನ್ನಡದ 'ತಯಾರು' ಎಂಬ ಪದ ಉರ್ದು, ಫಾರಸಿಯ 'ತಯ್ಯಾರ್' ಎಂಬುದರಿಂದ ಬಂದದ್ದು. ಉರ್ದುವಿನಲ್ಲಿ ವಿಮಾನಕ್ಕೆ 'ತಯ್ಯಾರಾ' ಎನ್ನುತ್ತೇವೆ. ಅದು ಹಾರುವುದು ಎಂಬ ಅರ್ಥದ ಅರಬಿ ಮೂಲದಿಂದ ಬಂದಿದೆ. 'ತಯ್ಯಾರ್' ಎಂಬುದೂ ಅದೇ ಮೂಲದ್ದು ಎನ್ನುತ್ತಾರೆ ನಿಘಂಟುಕಾರರು. ಬೇಟೆಯ ಡೇಗೆ ಹಕ್ಕಿಯನ್ನು ಪಳಗಿಸಿ, ಅದು ಹಾರಲು ಸಿದ್ಧವಾದಾಗ 'ತಯ್ಯಾರ್' ಎನ್ನುತ್ತಿದ್ದರಂತೆ. ನಾವು ದಿನವೂ ಅಡುಗೆ ತಯಾರಾಯಿತು, ಪರೀಕ್ಷೆಗೆ ತಯಾರಿ ನಡೆದಿದೆ ಎನ್ನುತ್ತೇವೆ. ಆ ಮಾತಿನೊಳಗೆ ಒಂದು ಹಕ್ಕಿ ರೆಕ್ಕೆ ಬಿಚ್ಚಿ ಕುಳಿತಿದೆ ಎಂಬುದು ನಮಗೆ ಮರೆತುಹೋಗಿದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯ ಪ್ರಕಾರ, 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದರು. ಇದು ಬರೀ ಅಂಕಿ ಅಲ್ಲ. ನಾಲ್ಕು ಮಕ್ಕಳಲ್ಲಿ ಒಂದು ಮಗು. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆಯಾದರೆ ಹುಡುಗನನ್ನು ಗ್ಯಾರೇಜಿಗೆ ಕಳುಹಿಸುವುದು, ಹುಡುಗಿಯನ್ನು ಮನೆಯಲ್ಲಿ ಕೂರಿಸುವುದು ಇಂದಿಗೂ ನಡೆಯುತ್ತಿದೆ. ಹೆತ್ತವರನ್ನು ನಾನು ದೂರುವುದಿಲ್ಲ. ಮನೆಯ ಕಷ್ಟ ಅವರಿಗೇ ಗೊತ್ತು. ಆದರೆ ಒಂದು ಮಾತು. ಗ್ಯಾರೇಜಿಗೆ ಹೋಗುವುದು ಅವಮಾನವಲ್ಲ. ಹಿಂಕ್ಲರ್ ಎರಕದ ಕಾರ್ಖಾನೆಗೆ ಹೋಗಿದ್ದರು. ತಪ್ಪು ಇರುವುದು ಗ್ಯಾರೇಜಿನಲ್ಲೇ ಕಲಿಕೆ ನಿಂತಿತು ಎಂದುಕೊಳ್ಳುವುದರಲ್ಲಿ.

ನಿಮ್ಮ ಎಂಜಿನ್ 35 ಅಶ್ವಶಕ್ತಿಯದೇ ಇರಬಹುದು. ಅದನ್ನು ತಿಳಿದುಕೊಳ್ಳಿ, ಸುಸ್ಥಿತಿಯಲ್ಲಿಡಿ, ಮೇಲಿನ ಅನಗತ್ಯ ಭಾರ ಇಳಿಸಿ. ಆ ಭಾರ ಎಂದರೇನು? ದಿನಕ್ಕೆ ನಾಲ್ಕು ಗಂಟೆ ಮೊಬೈಲ್ ಒಂದು ಭಾರ. ಪಕ್ಕದ ಮನೆಯವರ ಅಂಕದೊಂದಿಗೆ ಹೋಲಿಸಿಕೊಂಡು ಕೊರಗುವುದು ಇನ್ನೊಂದು ಭಾರ. ದಾರಿಗಳು ಇವೆ. ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರುವ ಅವಕಾಶವಿದೆ. ಉರ್ದು ಮಾಧ್ಯಮದವರಿಗೆ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವಿದೆ, ಬೆಂಗಳೂರಿನಲ್ಲೇ ಅದರ ಪಾಲಿಟೆಕ್ನಿಕ್ ಇದೆ. ದುಡಿಯುತ್ತಲೇ ಓದುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ. ಚಾಡ್ವಿಕ್ ಅವರ ಸಂಜೆ ತರಗತಿ ನಮ್ಮ ಕಾಲದಲ್ಲಿ ಈ ರೂಪಗಳಲ್ಲಿದೆ.

ಸಂಘದ ಹಿರಿಯರಲ್ಲಿ ನನ್ನದೊಂದು ಅರಿಕೆ. ನಾವು ಶಾಲು ಹೊದಿಸುತ್ತೇವೆ, ಪದಕ ಕೊಡುತ್ತೇವೆ, ಒಳ್ಳೆಯದೇ. ಅದರ ಜೊತೆಗೆ ಕೇಪ್‌ಟೌನಿನಲ್ಲಿ ಉಳಿದ ಭಾಗಗಳನ್ನು ನೆನೆಯೋಣ. ಪ್ರತಿ ವರ್ಷ ಎಷ್ಟು ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಒಂದು ಆದಾಯ ಪ್ರಮಾಣಪತ್ರ ಸಮಯಕ್ಕೆ ಸಿಗದೆ ನಿಂತುಹೋಗುತ್ತದೆ? ಅಂಕಪಟ್ಟಿಯಲ್ಲಿ 'ಮೊಹಮ್ಮದ್', ಆಧಾರಿನಲ್ಲಿ 'ಮಹಮ್ಮದ್', ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬರೀ 'ಎಂ.ಡಿ.' ಎಂದಿದ್ದರೆ ಆ ಮಗು ಎಷ್ಟು ಕಚೇರಿ ಅಲೆಯಬೇಕು? ಮಗುವಿನಲ್ಲಿ ಬುದ್ಧಿ ಇದೆ, ಮೆಹನತ್ ಇದೆ, ಒಂದು ಕಾಗದ ಮಾತ್ರ ಬೇರೆಡೆ ಇದೆ. ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲೇ ಸಂಘದ ಇಬ್ಬರು ಸದಸ್ಯರು ವಾರಕ್ಕೊಂದು ಸಂಜೆ ಶಾಲೆಗೆ ಬಂದು ಈ ಕಾಗದಗಳನ್ನು ನೋಡಿ ಸರಿಪಡಿಸಲು ನೆರವಾದರೆ, ಅದು ನೂರು ಶಾಲುಗಳಿಗಿಂತ ಮಿಗಿಲು. ಎರಡು ರೆಕ್ಕೆಗಳ ನಡುವಿನ ಕಂಬ ಮತ್ತು ತಂತಿ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಅವಿಲ್ಲದೆ ರೆಕ್ಕೆ ನಿಲ್ಲುವುದಿಲ್ಲ. ಸಂಘ ಅಂಥ ಕಂಬವಾಗಲಿ.

ಮಕ್ಕಳೇ, ಬೇಬಿಯಂಥ ವಿಮಾನಗಳನ್ನು ಕಟ್ಟಿದ್ದು ಸುಮಾರು ಹತ್ತು ಮಾತ್ರ. ಅದು ಕಂಪನಿಗೆ ದೊಡ್ಡ ಲಾಭ ತಂದ ವಿಮಾನವೇನಲ್ಲ. ಆದರೂ ನೂರು ವರ್ಷ ದಾಟಿದ ಮೇಲೆ ನಾವು ಅದರ ಮಾತನಾಡುತ್ತಿದ್ದೇವೆ. ನಾಳೆ ಬೆಳಿಗ್ಗೆ ಪುಸ್ತಕ ತೆರೆಯುವಾಗ 'ತಯಾರಿ' ಎಂಬ ಪದದ ಅರ್ಥ ನೆನಪಿರಲಿ. ನಿಮ್ಮ ಪ್ರತಿಯೊಂದು ತಯಾರಿಗೂ ಅಲ್ಲಾಹನು ಬರಕತ್ ನೀಡಲಿ, ನಮಗೆಲ್ಲ ನಿಮ್ಮ ಬೆನ್ನಿಗೆ ನಿಲ್ಲುವ ತೌಫೀಕ್ ನೀಡಲಿ. ಆಮೀನ್.